ಕತ್ತರಿ ಬರುವ ತನಕ ಎರಡು ಮಾತು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಕತ್ತರಿ ತರಲು ಓಡಿಹೋಗಿರುವ ನಮ್ಮ ಕಾರ್ಯದರ್ಶಿಗಳೇ, ಅವರು ಇಲ್ಲಿಲ್ಲ ನಿಜ, ಆದರೆ ಹೇಳದೆ ಬಿಟ್ಟರೆ ಒಂದು ವಾರ ಮುಖ ಊದಿಸಿಕೊಂಡು ಓಡಾಡುತ್ತಾರೆ, ಎದುರಿಗೆ ಕುಳಿತಿರುವ ಸಭಿಕರೇ, ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡು ನಿಂತು ಒಬ್ಬರನ್ನೊಬ್ಬರು ತಳ್ಳಾಡುತ್ತಿರುವ ಮಕ್ಕಳೇ, ನಿಮ್ಮೆಲ್ಲರಿಗೂ ಈ ಮುದುಕಿಯ ವಂದನೆಗಳು.

ಇಂದಿನ ಕಾರ್ಯಕ್ರಮದಲ್ಲಿ ನನ್ನ ಭಾಷಣ ಇರಲಿಲ್ಲ. ರಿಬ್ಬನ್ ಕಟ್ಟಿದರು, ಹೂಗುಚ್ಛ ತಂದರು, ಮೈಕು ತಂದರು, ಮೈಕಿಗೆ ಸಿಳ್ಳೆ ಹೊಡೆಯುವುದನ್ನೂ ಕಲಿಸಿದರು, ರಿಬ್ಬನ್ ಕತ್ತರಿಸುವ ಕತ್ತರಿಯನ್ನು ಮಾತ್ರ ಮರೆತರು. ಒಂದು ವರ್ಷ ಕೂತು ಈ ವೇದಿಕೆಗೆ ಇಷ್ಟು ದೊಡ್ಡ ಪರದೆ ಹೊಲಿದ ಬೀದಿಯ ಸಂಘ ಇದು. ಈ ಸಂಘದಲ್ಲಿ ಇವತ್ತು ಒಂದು ಕತ್ತರಿ ಇಲ್ಲ ಎಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ. ಅಧ್ಯಕ್ಷರು ನನ್ನ ಕಡೆ ಬಗ್ಗಿ, "ಅಮ್ಮಾ, ಕತ್ತರಿ ಬರೋ ತನಕ ಎರಡು ಮಾತಾಡಿ, ಜನ ಎದ್ದು ಹೋಗ್ಬಿಡ್ತಾರೆ" ಎಂದರು. ನನ್ನನ್ನು ಬಲ್ಲವರಿಗೆ ಗೊತ್ತು, ಎರಡು ಮಾತು ಎಂಬ ಅಳತೆ ನನ್ನ ಟೇಪಿನಲ್ಲಿ ಇಲ್ಲ.

ಮುಖ್ಯ ಅತಿಥಿಗಳು ಹೊಸಬರು, ಅವರಿಗಾಗಿ ಹೇಳುತ್ತೇನೆ. ಇಂದು ಸನ್ಮಾನ ಆಗಬೇಕಾಗಿರುವುದು ನನ್ನ ಸೊಸೆಗೆ. ಅಲ್ಲಿ ಎರಡನೆಯ ಸಾಲಿನ ಕೊನೆಯಲ್ಲಿ, ಬಾಗಿಲಿನ ಪಕ್ಕ ಕುಳಿತಿದ್ದಾಳೆ ನೋಡಿ. ಕೊನೆಯ ಕುರ್ಚಿ ಅವಳೇ ಆರಿಸಿಕೊಂಡದ್ದು. ಯಾರು ಕರೆದರೂ ಎದ್ದು ಹೋಗಲು ಸುಲಭ. ಮುಂಚೆಯೇ ಕೊಟ್ಟುಬಿಟ್ಟ ಹೂಗುಚ್ಛವನ್ನು ಪಕ್ಕದವರ ಮಡಿಲಿಗೆ ಹಾಕಿ, ತನ್ನ ಮಡಿಲಲ್ಲಿ ಅದೇನೋ ಮಗುವಿನ ಉಡುಪು ಇಟ್ಟುಕೊಂಡು ಅಂಚು ಹೊಲಿಯುತ್ತಿದ್ದಾಳೆ. ಸನ್ಮಾನದ ದಿನವೂ ಹೊಲಿಗೆ! ತಲೆ ಎತ್ತಬೇಡ, ನೀನು ಹೊಲಿ, ನನಗೆ ಮಾತಾಡಲು ಅನುಕೂಲ.

ನಾನು ಯಾರು? ನಾನು ಈ ಬೀದಿಯ ಟೈಲರು. ಬೇಕರಿಯ ಎದುರಿಗೆ, ಎರಡು ಮೆಟ್ಟಿಲು ಹತ್ತಿದರೆ ಸಿಗುವ ಆ ಸಣ್ಣ ಅಂಗಡಿ ನನ್ನದು. ಇಲ್ಲಿ ಕುಳಿತಿರುವ ಅರ್ಧ ಜನ ಶಾಲೆಗೆ ಹೋದದ್ದು ನಾನು ಹೊಲಿದ ಚಡ್ಡಿಯಲ್ಲಿ. ಅಧ್ಯಕ್ಷರೇ, ನಿಮ್ಮ ಮೊದಲ ಪ್ಯಾಂಟಿನ ಸೊಂಟದ ಅಳತೆ ನನಗೆ ನೆನಪಿದೆ, ಸಭೆಯಲ್ಲಿ ಹೇಳುವುದಿಲ್ಲ. ನನ್ನನ್ನು ಎಲ್ಲರೂ ಗೆರೆಯಮ್ಮ ಎಂದು ಕರೆಯುತ್ತಾರೆ. ನಾನು ಹೊಲಿದರೆ ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಇರುತ್ತದೆ ಎಂದು ನನ್ನ ಮೊದಲ ಗಿರಾಕಿ ಒಬ್ಬಾಕೆ ಹೇಳಿದಳು, ಅದೇ ಹೆಸರು ನಿಂತಿತು. ನನ್ನ ನಿಜವಾದ ಹೆಸರು ಮದುವೆಯಲ್ಲಿ ಒಮ್ಮೆ ಉಪಯೋಗಕ್ಕೆ ಬಂತು, ಆಮೇಲೆ ನನ್ನ ಯಜಮಾನರೂ ಗೆರೆ ಎಂದೇ ಕೂಗುತ್ತಿದ್ದರು. ಅವರು ಹೋದ ಮೇಲೆ ಹಾಗೆ ಏಕವಚನದಲ್ಲಿ ಕೂಗುವವರು ಯಾರೂ ಉಳಿದಿಲ್ಲ. ಇರಲಿ, ಆ ವಿಷಯ ಈಗ ಯಾಕೆ.

ಗೆರೆಯ ವಿಷಯ ಹೇಳುತ್ತಿದ್ದೆ. ಸಭಿಕರೇ, ಇವತ್ತು ಬೆಳಿಗ್ಗೆ ನಾನು ಈ ಸಭಾಂಗಣಕ್ಕೆ ಒಬ್ಬಳೇ ಬಂದಿದ್ದೆ. ಯಾಕೆ ಬಂದಿದ್ದೆ ಎಂಬುದನ್ನು ಹೇಳಲೋ ಬೇಡವೋ ಎಂದು ಇನ್ನೂ ತೀರ್ಮಾನ ಮಾಡಿಲ್ಲ. ಕತ್ತರಿ ಬೇಗ ಬಂದರೆ ನಾನು ಬಚಾವು.

ಕಳೆದ ವಾರ್ಷಿಕೋತ್ಸವ ನಿಮಗೆ ನೆನಪಿರಬೇಕು. ಅಧ್ಯಕ್ಷರು ಇದೇ ಜಾಗದಲ್ಲಿ ನಿಂತು ಸಂಘದ ಭದ್ರ ಬುನಾದಿಯ ಬಗ್ಗೆ ಮಾತಾಡುತ್ತಿದ್ದಾಗ ಹಳೆಯ ಪರದೆ, ಅದರ ಕೊಳವೆ, ಅದರ ಧೂಳು ಎಲ್ಲವೂ ಅವರ ತಲೆಯ ಮೇಲೆ ಬಿತ್ತು. ಅವರ ಧೈರ್ಯವನ್ನು ಮೆಚ್ಚಬೇಕು, ಪರದೆಯ ಒಳಗಿಂದಲೇ ಭಾಷಣ ಮುಗಿಸಿದರು. ನಾವು ಆ ಗುಪ್ಪೆಗೆ ಚಪ್ಪಾಳೆ ತಟ್ಟಿದೆವು. ಹೊಸ ಪರದೆ ಎಲ್ಲಿಂದ ತರುವುದು ಎಂಬ ಚರ್ಚೆ ಎದ್ದಾಗ ಎಲ್ಲರೂ ಎಲ್ಲರ ಮುಖ ನೋಡಿದರು. ಆಗ ಹಿಂದಿನ ಸಾಲಿನಿಂದ ಒಂದು ಮೆತ್ತಗಿನ ದನಿ ಬಂತು. "ಪ್ರತಿ ಮನೆಯವರು ಒಂದೊಂದು ಹಳೆ ಬಟ್ಟೆ ಕೊಡಿ. ನಾನು ಜೋಡಿಸಿ ಹೊಲಿದುಕೊಡ್ತೀನಿ." ನಾನು ತಿರುಗಿ ನೋಡುತ್ತೇನೆ, ನಮ್ಮ ಮನೆಯ ಸೊಸೆ!

ಮನೆಗೆ ಹೋಗುವ ದಾರಿಯಲ್ಲೇ ಕೇಳಿದೆ, "ನಿನಗ್ಯಾಕೆ ಈ ಇಲ್ಲದ ಉಸಾಬರಿ?" ಕೇಳುವುದು ತಪ್ಪೇ? ಅವಳು ಬೆಳಿಗ್ಗೆ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವ ಕೆಲಸದವಳು. ಬೆಳಗಾಗುವ ಮುಂಚೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ತೋಳಿಗೆ ಸೂಜಿ ಚುಚ್ಚಿ, ಅವರು ಅಯ್ಯೋ ಎನ್ನುವುದರೊಳಗೆ ಮುಗಿಸಿ, ಮಧ್ಯಾಹ್ನ ಮನೆಗೆ ಬಂದು, ಮಗಳ ಪಾಠ, ಅಡುಗೆ, ಬಟ್ಟೆ, ನನ್ನ ಗೊಣಗಾಟ. ಇದರ ಮಧ್ಯೆ ಈ ವೇದಿಕೆಯಷ್ಟು ಅಗಲದ ಪರದೆ! ಅವಳು ನಡೆಯುತ್ತಲೇ ಹೇಳಿದಳು, "ಬೆಳಿಗ್ಗೆಯೆಲ್ಲಾ ಚುಚ್ಚಿದ್ರೆ ಜನ ಅಳ್ತಾರೆ ಅತ್ತೆ. ಬಟ್ಟೆಗೆ ಚುಚ್ಚಿದ್ರೆ ಅದು ಸುಮ್ಮನಿರತ್ತೆ. ನನಗೆ ಅಷ್ಟು ಸಾಕು."

ಬಟ್ಟೆಗಳು ಬಂದವು. ಬಂದವು ಎಂದರೆ, ಸಭಿಕರೇ, ಮನೆಯ ಬಾಗಿಲು ತೆಗೆಯಲಾಗದಷ್ಟು ಬಂದವು. ಬಸ್ ಚಾಲಕರ ನೀಲಿ ಸಮವಸ್ತ್ರ. ಕ್ಷೌರಿಕರ ಅಂಗಡಿಯ ಮೇಲ್ವಸ್ತ್ರ, ಅದರಲ್ಲಿ ಕೂದಲಿನ ಚೂರು ಇನ್ನೂ ಇತ್ತು. ಬೇಕರಿಯವರ ಹಿಟ್ಟಿನ ಚೀಲ, ತೊಳೆದು ಬೆಳ್ಳಗೆ ಮಾಡಿ ಇಸ್ತ್ರಿ ಹಾಕಿ ಕೊಟ್ಟಿದ್ದರು. ದಿಂಬಿನ ಚೀಲಗಳು, ಶಾಲೆಯ ಅಂಗಿಗಳು, ಯಾರದೋ ಮಗಳು ತೊಟ್ಟು ಬೆಳೆದುಬಿಟ್ಟ ಫ್ರಾಕು. ಮೂಲೆಮನೆಯ ಅಣ್ಣತಮ್ಮಂದಿರು ಇದ್ದಾರಲ್ಲ, ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಮಾತು ಬಿಟ್ಟವರು, ಅವರಿಬ್ಬರೂ ಬೇರೆಬೇರೆ ಹೊತ್ತಿನಲ್ಲಿ ಬಂದು ಬೇರೆಬೇರೆ ಚೀಲದಲ್ಲಿ ಕೊಟ್ಟು ಹೋದರು. ಬಿಚ್ಚಿ ನೋಡಿದರೆ ಒಂದೇ ಬೆಡ್‌ಶೀಟಿನ ಎರಡು ತುಂಡು, ಅವರಪ್ಪನ ಕಾಲದ್ದು. ನನ್ನ ಸೊಸೆ ಅವೆರಡನ್ನೂ ಪಕ್ಕಪಕ್ಕ ಇಟ್ಟು ಹೊಲಿದಳು. ಅಗೋ, ಮೇಲೆ ಎಡಗಡೆ, ಹಳದಿ ಪಟ್ಟೆಯದು. ಈಗ ಇಬ್ಬರೂ ಅದನ್ನೇ ನೋಡುತ್ತಿದ್ದಾರೆ. ನೋಡಿ ನೋಡಿ.

ನಮ್ಮ ಮನೆಯ ಊಟದ ಮೇಜು ಪರದೆಯ ಪಾಲಾಯಿತು. ನಾವು ನೆಲದ ಮೇಲೆ ಕುಳಿತು ಉಂಡೆವು. ಒಂದು ದಿನ ನನ್ನ ಮಗ, ಅಲ್ಲಿ ಮೊಬೈಲ್ ಹಿಡಿದು ನನ್ನನ್ನು ಚಿತ್ರೀಕರಿಸುತ್ತಿದ್ದಾನಲ್ಲ ಅವನೇ, "ಈ ಮನೇಲಿ ಮನುಷ್ಯರಿಗಿಂತ ಚಿಂದಿಗೇ ಮರ್ಯಾದೆ" ಎಂದು ಕೂಗಾಡಿದ. ಅವಳು ಕೂಗಲಿಲ್ಲ. ಒಂದು ಸೂಜಿಗೆ ದಾರ ಪೋಣಿಸಿ ಅವನ ಕೈಗೆ ಕೊಟ್ಟು, "ಆ ಮೂಲೆ ನಿಮ್ಮದು, ನಾನು ಅನ್ನ ಇಟ್ಟು ಬರ್ತೀನಿ" ಎಂದಳು. ಅವನು ಹೊಲಿದ. ಕೆಟ್ಟದಾಗಿ ಹೊಲಿದ, ಆದರೆ ಹೊಲಿದ. ಮಾರನೆಯ ದಿನ ಅನ್ನ ಅವನು ಇಟ್ಟ, ಸೀದು ಕರಿಯಾಯಿತು, ತಿಂದೆವು. ಈಗ ನಮ್ಮ ಮನೆಯಲ್ಲಿ ಅವನ ಅನ್ನ ಅವಳ ಅನ್ನಕ್ಕಿಂತ ಚೆನ್ನಾಗಿರುತ್ತದೆ. ಇದನ್ನು ಅವನು ಚಿತ್ರೀಕರಿಸಿಕೊಳ್ಳಲಿ.

ಅವಳ ಕೆಲಸದ ರೀತಿಯನ್ನು ನಿಮಗೆ ಹೇಳಬೇಕು. ನಾನು ಟೈಲರು. ನಮ್ಮ ಕಸುಬಿನಲ್ಲಿ ಒಂದು ಹೊಲಿಗೆ ಹಿಡಿದರೆ ಅದು ಮುಗಿಯುವ ತನಕ ಏಳಬಾರದು. ಅರ್ಧಕ್ಕೆ ಎದ್ದರೆ ಕೈಯ ಬಿಗಿ ತಪ್ಪುತ್ತದೆ, ಎದ್ದ ಜಾಗ ಗೊತ್ತಾಗುತ್ತದೆ. ನಾನು ಎದ್ದವಳೇ ಅಲ್ಲ. ನನ್ನ ಮಗ ಮೊದಲ ಸಲ ನಡೆದದ್ದು ಬೇಕರಿಯವರು ನೋಡಿದರು. ಅವನಿಗೆ ಬೂಟಿನ ದಾರ ಕಟ್ಟಲು ಕಲಿಸಿದ್ದು ಕ್ಷೌರಿಕರು. ಎಂಥ ಶಿಸ್ತು ನೋಡಿ ಎಂದು ಇದನ್ನು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ಇವತ್ತು ಮೈಕಿನಲ್ಲಿ ಹೇಳಿದಾಗ ಅದು ಬೇರೆ ಥರ ಕೇಳಿಸಿತು. ಇರಲಿ.

ಇವಳು ಹಾಗಲ್ಲ. ಮಗಳು ಕರೆದರೆ ಸೂಜಿಯನ್ನು ಅಲ್ಲೇ ಬಟ್ಟೆಗೆ ಚುಚ್ಚಿಟ್ಟು ಎದ್ದಳು. ನೆರೆಮನೆಯವರಿಗೆ ಜ್ವರ ಎಂದರೆ ಚುಚ್ಚಿಟ್ಟು ಎದ್ದಳು. ಹಾಲು ಉಕ್ಕಿತು, ಎದ್ದಳು. ನನ್ನ ಮಾತ್ರೆಯ ಹೊತ್ತಾಯಿತು, ಎದ್ದಳು. ಎದ್ದು ಹೋದವಳ ದನಿಯಲ್ಲಿ ಬೇಸರ ಇಲ್ಲ, ತಿರುಗಿ ಬಂದವಳ ಹೆಜ್ಜೆಯಲ್ಲಿ ಅವಸರ ಇಲ್ಲ. ಸೂಜಿ ಎಲ್ಲಿ ನಿಂತಿತ್ತೋ ಅಲ್ಲಿಂದ ಹೊರಡುತ್ತದೆ. ನಾನು ಅವಳ ಹಿಂದೆ ನಿಂತು ಬೆರಳಿನಿಂದ ತಡವಿ ತಡವಿ ಹುಡುಕುತ್ತಿದ್ದೆ, ಎದ್ದ ಜಾಗ ಎಲ್ಲಿ ಎಂದು. ಸಿಗಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ, "ಇಷ್ಟು ಸಲ ಏಳ್ತೀಯಲ್ಲ, ನಿನ್ನ ಕೈ ಬಿಗಿ ತಪ್ಪೋದೇ ಇಲ್ವಾ?" ಅವಳು ನಕ್ಕಳು. "ಎದ್ದು ಹೋಗೋದೂ ಇದರ ಕೆಲಸವೇ ಅಂದ್ಕೊಂಡಿದೀನಿ ಅತ್ತೆ." ನಲವತ್ತು ವರ್ಷ ಮೆಷಿನ್ನು ತುಳಿದ ನನಗೆ ಈ ಮಾತು ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು.

ಬೆರಳಿನಿಂದ ತಡವಿ ಎಂದೆನಲ್ಲ. ಗಮನಿಸಿದಿರಾ? ಬಾಯಿ ತಪ್ಪಿ ಬಂತು. ಬಂದದ್ದು ಬಂತು, ಹೇಳಿಬಿಡುತ್ತೇನೆ. ನೋಡಿ ಹುಡುಕಬೇಕಾದವಳು ತಡವಿ ಹುಡುಕುತ್ತಿದ್ದೆ, ಏಕೆಂದರೆ ನನಗೆ ಕಣ್ಣು ಕಾಣುತ್ತಿರಲಿಲ್ಲ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಮಂಡಿನೋವು ಎಂದು ಅಂಗಡಿ ಮುಚ್ಚಿದೆ. ಈಗ ತಿಳಿಯಿತೇ, ನನ್ನ ಮಂಡಿಗೆ ಏನೂ ಆಗಿರಲಿಲ್ಲ. ಗೆರೆಯಮ್ಮನಿಗೆ ಗೆರೆಯೇ ಕಾಣುವುದಿಲ್ಲ ಎಂದು ಬೀದಿಗೆ ಗೊತ್ತಾದರೆ ನಾನು ಯಾರಾಗಿ ಉಳಿಯುತ್ತೇನೆ, ಇದೇ ನನ್ನ ಭಯ. ಎದುರಿಗೆ ಬಂದವರನ್ನು ಚಪ್ಪಲಿಯ ಸದ್ದಿನಿಂದ ಗುರುತಿಸುತ್ತಿದ್ದೆ. ಅಧ್ಯಕ್ಷರೇ, ನೀವು ಎಡಗಾಲು ಎಳೆದು ಹಾಕುತ್ತೀರಿ, ನಿಮ್ಮನ್ನು ಗುರುತಿಸುವುದು ಎಲ್ಲರಿಗಿಂತ ಸುಲಭ.

ಹೀಗಿರುವಾಗ, ತುಂಡುಗಳೆಲ್ಲ ಜೋಡಣೆಯಾಗಿ, ಹಿಂದೆ ಅಸ್ತರದ ಬಟ್ಟೆ ಇಟ್ಟು, ಇನ್ನು ಎರಡನ್ನೂ ಸೇರಿಸಿ ಉದ್ದಕ್ಕೂ ಕೈಹೊಲಿಗೆ ಹಾಕುವ ಹಂತ ಬಂತು. ಕೆಳಗಿನ ಅಂಚಿನಿಂದ ಒಂದು ಗೇಣು ಮೇಲೆ ಮೊದಲ ಸಾಲು. ಅದರ ಮೇಲೆ ಒಂದು ಬೆರಳಿನ ಅಂತರ ಬಿಟ್ಟು ಎರಡನೆಯದು, ಹಾಗೆಯೇ ಮೇಲಿನವರೆಗೆ. ಎರಡನೆಯ ಸಾಲಿನವರು ಮೊದಲ ಸಾಲನ್ನು ನೋಡಿ ಹೊಲಿಯಬೇಕು, ಮೂರನೆಯವರು ಎರಡನೆಯದನ್ನು. ಅಂದರೆ ಮೊದಲ ಸಾಲು ಹೇಗೋ ಇಡೀ ಪರದೆ ಹಾಗೆ. ಸೊಸೆ ನನ್ನ ಹತ್ತಿರ ಬಂದು ಹೇಳಿದಳು, "ಅತ್ತೆ, ಮೊದಲ ಗೆರೆ ನೀವೇ ಹಾಕಬೇಕು. ನೀವಿದ್ದು ಬೇರೆಯವರು ಹಾಕೋದು ಚೆನ್ನಾಗಿರಲ್ಲ."

ಬೇಡ ಎನ್ನಬಹುದಿತ್ತು. ಯಾಕೆ ಎನ್ನಲಿಲ್ಲ? ಆಸೆ, ಸಭಿಕರೇ. ಅವಳು ಸೀಮೆಸುಣ್ಣ ತಂದು, "ಗುರುತು ಹಾಕಿಕೊಡ್ಲಾ?" ಎಂದಳು. ನನಗೆ ರೇಗಿತು. "ನನಗೆ ಸೀಮೆಸುಣ್ಣ ಬೇಕಾ? ಆ ಕಡೆ ಹೋಗು" ಎಂದೆ. ಸೂಜಿಗೆ ದಾರ ಅವಳ ಕೈಯಿಂದಲೇ ಪೋಣಿಸಿಕೊಂಡೆ, ಕೈ ಒದ್ದೆ ಎಂದು ಸುಳ್ಳು ಹೇಳಿ. ಆಮೇಲೆ ಮೂರು ಸಂಜೆ ಕುಳಿತು ಈ ತುದಿಯಿಂದ ಆ ತುದಿಗೆ ಹೊಲಿದೆ. ಕಣ್ಣು ಬೇಡ, ಕೈಗೆ ಗೊತ್ತಿದೆ ಎಂದು ನನ್ನ ನಂಬಿಕೆ. ನೀಲಿ ಬಟ್ಟೆಯ ಮೇಲೆ ಬಿಳಿ ದಾರ ಮಸುಕಾಗಿಯಾದರೂ ಕಾಣುತ್ತಿತ್ತು. ಬೇಕರಿಯವರ ಬಿಳಿಯ ಚೀಲ ಬಂದಾಗ ಬಿಳಿಯ ಮೇಲೆ ಬಿಳಿ, ಏನೂ ಇಲ್ಲ, ಹಾಲಿನಲ್ಲಿ ಕೈ ಹಾಕಿದ ಹಾಗೆ. ಆದರೂ ದಾಟಿದೆ. ಕೊನೆಯ ಗಂಟು ಹಾಕಿ ಬೆನ್ನು ನೆಟ್ಟಗೆ ಮಾಡಿ ಹೇಳಿದೆ, "ನೋಡು, ಗೆರೆ ಅಂದ್ರೆ ಇದು."

ಅವಳು ಗೆರೆಯ ಉದ್ದಕ್ಕೂ ನಡೆದುಕೊಂಡು ಹೋದ ಸದ್ದು ಕೇಳಿಸಿತು. ಬಿಳಿ ಚೀಲದ ಹತ್ತಿರ ನಿಂತಳು. ತಿರುಗಿ ಬಂದು ನನ್ನ ಕೈಯಿಂದ ಸೂಜಿ ತೆಗೆದುಕೊಂಡಳು. "ಹೌದು ಅತ್ತೆ. ಇದೇ ಗೆರೆ" ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮಾರನೆಯ ವಾರ ಪರದೆ ಇಲ್ಲಿಗೆ, ಸಭಾಂಗಣಕ್ಕೆ ಬಂತು. ಭಾನುವಾರ ಬಂತೆಂದರೆ ನೀವೆಲ್ಲರೂ ಇಲ್ಲಿ ಸೇರಿ ಹೊಲಿದಿರಿ. ಒಂದು ಬೆರಳಿನ ಅಂತರ ಎಂದರೆ ಯಾರ ಬೆರಳು ಎಂದು ಜಗಳವಾಯಿತಂತೆ, ಬಸ್ ಚಾಲಕರ ಬೆರಳು ಬೇರೆಯವರ ಎರಡು ಬೆರಳಿಗೆ ಸಮವಂತೆ, ಕೊನೆಗೆ ಐಸ್‌ಕ್ರೀಮಿನ ಕಡ್ಡಿ ಇಟ್ಟು ಅಳೆದಿರಂತೆ. ಇದೆಲ್ಲ ನನಗೆ ಕೇಳಿ ಗೊತ್ತು. ನಾನು ಬರಲಿಲ್ಲ. ಯಾರಾದರೂ ಸೂಜಿ ಕೈಗೆ ಕೊಟ್ಟು, "ಗೆರೆಯಮ್ಮ, ಸ್ವಲ್ಪ ದಾರ ಪೋಣಿಸಿ" ಎಂದುಬಿಟ್ಟರೆ? ಮತ್ತೆ ಅದೇ ಮಂಡಿನೋವು.

ಅದೇ ಸಮಯದಲ್ಲಿ ನನ್ನ ಸೊಸೆಗೆ ಕಣ್ಣುರಿ ಶುರುವಾಯಿತು. "ಕಣ್ಣಿನ ಡಾಕ್ಟರ ಹತ್ರ ಒಬ್ಬಳೇ ಹೋಗೋಕೆ ಭಯ ಆಗತ್ತೆ, ಜೊತೆಗೆ ಬನ್ನಿ ಅತ್ತೆ" ಎಂದಳು. ದಿನಾ ಅಷ್ಟು ಜನರಿಗೆ ಸೂಜಿ ಚುಚ್ಚುವವಳಿಗೆ ಡಾಕ್ಟರೆಂದರೆ ಭಯವೇ? ನನಗೆ ಅನುಮಾನ ಬರಬೇಕಿತ್ತು. ಸೊಸೆ ನನ್ನನ್ನು ಆಸರೆಗೆ ಕರೆದಳಲ್ಲ ಎಂಬ ಖುಷಿಯಲ್ಲಿ ಬರಲಿಲ್ಲ. ಅಲ್ಲಿ ಅವಳು ಅಕ್ಷರಗಳನ್ನೆಲ್ಲ ಸಲೀಸಾಗಿ ಓದಿ, ಎದ್ದು, "ಹೇಗೂ ಬಂದಿದೀವಿ, ಅತ್ತೇದೂ ಒಂದ್ಸಲ ನೋಡಿಬಿಡಿ" ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಅಕ್ಷರ ಓದಿ ಎಂದರು ಡಾಕ್ಟರು. ಅಕ್ಷರ ಹಾಗಿರಲಿ, ಅಕ್ಷರದ ಹಲಗೆ ಯಾವ ಗೋಡೆಯ ಮೇಲಿದೆ ಎಂದೇ ನನಗೆ ಕಾಣಲಿಲ್ಲ. "ಇಷ್ಟು ದಿನ ಹೇಗಮ್ಮ ಓಡಾಡ್ತಿದ್ರಿ?" ಎಂದರು. "ಅಭ್ಯಾಸ ಬಲ" ಎಂದೆ. ಒಂದು ಕಣ್ಣಿನ ಆಪರೇಷನ್ನು ಆಯಿತು, ಆಮೇಲೆ ಇನ್ನೊಂದರದ್ದು. ಕಳೆದ ತಿಂಗಳು ಎರಡನೆಯ ಕಣ್ಣಿನ ಪಟ್ಟಿ ತೆಗೆದರು. ಮೊದಲ ಕಣ್ಣಿನ ಪಟ್ಟಿ ತೆಗೆದ ದಿನ ಮೊದಲು ನೋಡಿದ್ದು ನನ್ನ ಸೊಸೆಯ ಮುಖ. ಅವಳ ಕಿವಿಯ ಹತ್ತಿರ ಎರಡು ಬಿಳಿ ಕೂದಲು ಬಂದಿತ್ತು. ಯಾವಾಗ ಬಂತೋ ನಾನು ನೋಡಿರಲಿಲ್ಲ.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ನನ್ನ ಮೊಮ್ಮಗಳು, ಈಗ ಪರದೆಯ ಕೆಳಗೆ ಕೆಂಪು ಕಾಲ್ಚೀಲದ ಎರಡು ಪಾದ ಕುಣಿಯುತ್ತಿವೆಯಲ್ಲ, ಅವಳೇ, ನನ್ನ ತೊಡೆಯ ಮೇಲೆ ಕುಳಿತು, "ಅಜ್ಜಿ, ನಿನ್ನ ಗೆರೆ ಹಾವು ಹೋದ ಹಾಗಿದೆ, ತುಂಬಾ ಚೆನ್ನಾಗಿದೆ" ಎಂದಳು.

ನನ್ನ ಗೆರೆ ಹಾವೇ? ಬೆಳಗಾಗುವುದನ್ನೇ ಕಾದೆ. ಮನೆಯಲ್ಲಿ ಯಾರಿಗೂ ಹೇಳದೆ ಬಂದು ಕಾವಲುಗಾರರ ಹತ್ತಿರ ಕೀಲಿ ಇಸಿದುಕೊಂಡೆ. ಕೈಚೀಲದಲ್ಲಿ ನನ್ನ ಅಂಗಡಿಯ ಸಣ್ಣ ಕತ್ತರಿ ಇತ್ತು, ದಾರ ಕತ್ತರಿಸುವುದು. ಇಷ್ಟು ಹೇಳಿದ ಮೇಲೆ ಮುಚ್ಚಿಡುವುದು ಏನಿದೆ, ಹೇಳಿಬಿಡುತ್ತೇನೆ. ಗೆರೆ ಸೊಟ್ಟಗಿದ್ದರೆ ಅದನ್ನು ಬಿಚ್ಚಿಹಾಕಿ ಹೋಗಲು ಬಂದಿದ್ದೆ. ಮುಖ್ಯ ಅತಿಥಿಗಳು ಬಂದು, ಇಡೀ ಬೀದಿ ಕುಳಿತು ನನ್ನ ಸೊಟ್ಟ ಗೆರೆಯನ್ನು ನೋಡುವುದಕ್ಕಿಂತ ಕೆಳಗಿನ ಒಂದು ಸಾಲು ಇಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಆ ಕತ್ತರಿ ಈಗ ಎಲ್ಲಿದೆ ಎಂದು ದಯವಿಟ್ಟು ಯಾರೂ ಕೇಳಬೇಡಿ.

ಬಾಗಿಲು ತೆಗೆದೆ. ಕಿಟಕಿಯಿಂದ ಬೆಳಕು ಬರುತ್ತಿತ್ತು. ಮೇಲೆ ನೋಡಲೇ ಇಲ್ಲ. ನೇರವಾಗಿ ಅಂಚಿನ ಹತ್ತಿರ ಮಂಡಿ ಊರಿ ಕುಳಿತೆ. ನೋವಿಲ್ಲದ ಮಂಡಿ. ನನ್ನ ಗೆರೆ ಕಂಡಿತು. ಹಾವು ಎಂದು ಮಗು ಹೇಳಿದ್ದು ಮರ್ಯಾದೆಯ ಮಾತು. ಕುಡಿದವನು ಮನೆ ಹುಡುಕಿದ ಹಾಗಿತ್ತು. ಒಂದು ಕಡೆ ಏರಿದೆ, ಒಂದು ಕಡೆ ಇಳಿದಿದೆ, ಬಿಳಿ ಚೀಲದ ಮೇಲಂತೂ ಒಂದು ಅಂಗೈ ಕೆಳಗೆ ಜಾರಿ ಮತ್ತೆ ಹೇಗೋ ಮೇಲೆ ಬಂದಿದೆ. ಕತ್ತರಿಯ ಮೂತಿಯನ್ನು ಮೊದಲ ಹೊಲಿಗೆಯ ಕೆಳಗೆ ತೂರಿಸಿದೆ.

ಆಗ ಎರಡನೆಯ ಸಾಲು ಕಣ್ಣಿಗೆ ಬಿತ್ತು.

ಅದೂ ಏರಿತ್ತು. ನನ್ನದು ಏರಿದಲ್ಲಿ ಏರಿತ್ತು, ಇಳಿದಲ್ಲಿ ಇಳಿದಿತ್ತು. ಬಿಳಿ ಚೀಲದ ಮೇಲೆ ಅದೂ ಒಂದು ಅಂಗೈ ಜಾರಿತ್ತು. ಮೂರನೆಯದೂ ಹಾಗೆಯೇ. ನಾಲ್ಕನೆಯದೂ. ನಾನು ಕತ್ತರಿ ಹಿಡಿದುಕೊಂಡೇ ಮೆಲ್ಲಗೆ ಎದ್ದೆ. ನನ್ನ ಕಣ್ಣು ಗೆರೆಯಿಂದ ಗೆರೆಗೆ ಮೇಲೆ ಹೋಯಿತು, ಸೊಂಟದವರೆಗೆ, ಎದೆಯವರೆಗೆ, ತಲೆಯ ಮೇಲೆ, ಆ ಕೊಳವೆಯವರೆಗೆ. ಎಲ್ಲವೂ, ಸಭಿಕರೇ, ಎಲ್ಲವೂ ನನ್ನ ಗೆರೆಯ ಹಿಂದೆ ಹೋಗಿದ್ದವು. ಒಂದೂ ದಾರಿ ಬಿಟ್ಟಿರಲಿಲ್ಲ. ನಾನು ಹಿಂದೆ ಹಿಂದೆ ನಡೆದು ಅಲ್ಲಿ, ನೀವು ಕುಳಿತಿರುವ ಕುರ್ಚಿಗಳ ನಡುವೆ ಹೋಗಿ ನಿಂತೆ. ಅಲ್ಲಿಂದ ನೋಡಿದರೆ ಕೆರೆಯ ಮೇಲೆ ಗಾಳಿ ಬೀಸಿದ ಹಾಗೆ ಇಡೀ ಪರದೆ ಅಲೆಅಲೆಯಾಗಿತ್ತು. ನೀವೇ ನೋಡಿ. ನೋಡುತ್ತಲೇ ಇದ್ದೀರಿ. ಮುಖ್ಯ ಅತಿಥಿಗಳು ಬಂದ ತಕ್ಷಣ, "ಆಹಾ, ಈ ಅಲೆ ಯಾರು ಬಿಡಿಸಿದ್ದು?" ಎಂದು ಕೇಳಿದರಲ್ಲ. ಸ್ವಾಮಿ, ಅದನ್ನು ಯಾರೂ ಬಿಡಿಸಲಿಲ್ಲ. ಅದು ನನ್ನ ಕಣ್ಣಿನ ಪೊರೆ.

ನನಗೆ ಮಾತು ಹೊರಡಲಿಲ್ಲ. ನನಗೆ ಮಾತು ಹೊರಡಲಿಲ್ಲ ಎಂದರೆ ನಮ್ಮ ಮನೆಯವರು ಯಾರೂ ನಂಬುವುದಿಲ್ಲ, ಆದರೆ ಸಾಕ್ಷಿ ಇದ್ದಾರೆ. ನಮ್ಮ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ರಿಬ್ಬನ್ ಕಟ್ಟಲು ಬಂದವರು ನನ್ನ ಹಿಂದೆ ನಿಂತಿದ್ದರು. ನನ್ನ ಕೈಯಲ್ಲಿದ್ದ ಕತ್ತರಿ ನೋಡಿದರು. ಅವರೇ ಹೇಳಿದರು. "ಮೊದಲ ಭಾನುವಾರವೇ ನಾನು ಹೇಳ್ದೆ ಗೆರೆಯಮ್ಮ, ಈ ಸಾಲು ಬಿಚ್ಚಿ ಹೊಸದಾಗಿ ಹಾಕೋಣ, ಇಲ್ದಿದ್ರೆ ಎಲ್ಲಾ ಸೊಟ್ಟ ಆಗತ್ತೆ ಅಂತ. ನಿಮ್ಮ ಸೊಸೆ ಒಪ್ಪಲಿಲ್ಲ. ಅತ್ತೆ ಹಾಕಿದ ಗೆರೆ ಮೇಷ್ಟ್ರೇ, ಅವರು ಎಲ್ಲಿ ಬಾಗಿದಾರೋ ಅಲ್ಲಿ ನಾವೂ ಬಾಗೋಣ, ಅಷ್ಟೇ ಅಂದ್ರು."

ಅಷ್ಟೇ ಅಂತೆ! ಅದು ಅಷ್ಟೇ ಎನ್ನುವ ಕೆಲಸವೇ? ಹೊಲಿಯುವವರಿಗೆ ಗೊತ್ತು. ಕಣ್ಣು ಕಾಣುವವರಿಗೆ ನೇರ ಗೆರೆ ಸುಲಭ, ಕೈ ತಾನಾಗಿ ಓಡುತ್ತದೆ. ಸೊಟ್ಟ ಗೆರೆಯ ಜೊತೆ ಹೋಗಬೇಕಾದರೆ ಪ್ರತಿ ಹೊಲಿಗೆಗೂ ಕೆಳಗಿನ ಹೊಲಿಗೆಯನ್ನು ನೋಡಬೇಕು. ಬೇಕರಿಯವರು ಒಂದು ಭಾನುವಾರ ಮಾತಾಡುತ್ತಾ ಮಾತಾಡುತ್ತಾ ನೆಟ್ಟಗೆ ಹೊಲಿದುಬಿಟ್ಟರಂತೆ, ಇವಳು ಅಷ್ಟನ್ನೂ ಬಿಚ್ಚಿಸಿದಳಂತೆ. ನೆಟ್ಟಗೆ ಹೊಲಿದ ತಪ್ಪಿಗೆ ಬಿಚ್ಚಿಸಿದವಳು ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ಬೇಕರಿಯವರೇ, ನಗಬೇಡಿ, ನಿಮ್ಮ ಹೆಂಡತಿಯೇ ಸಭೆಗೆ ಬರುವಾಗ ನನ್ನ ಕಿವಿಯಲ್ಲಿ ಹೇಳಿದ್ದು.

ಅಂದರೆ ನಿಮಗೆಲ್ಲರಿಗೂ ಗೊತ್ತಿತ್ತು. ಸೂಜಿ ಹಿಡಿದ ಪ್ರತಿಯೊಬ್ಬರಿಗೂ. ಇಷ್ಟು ತಿಂಗಳು! ಈ ಬೀದಿಯಲ್ಲಿ ಒಬ್ಬರ ಮನೆಯಲ್ಲಿ ಹಾಲು ಒಡೆದರೆ ಇನ್ನೊಬ್ಬರ ಮನೆಯಲ್ಲಿ ಮಾತಾಡುತ್ತಾರೆ. ಅಂಥ ಬೀದಿ ಇಷ್ಟು ತಿಂಗಳೂ ಬಾಯಿ ಮುಚ್ಚಿಕೊಂಡಿತ್ತು. ದಾರಿಯಲ್ಲಿ ಸಿಕ್ಕರೆ, "ಮಂಡಿ ಹೇಗಿದೆ ಗೆರೆಯಮ್ಮ?" ಎಂದು ಕೇಳುತ್ತಿದ್ದಿರಿ. ಕಣ್ಣು ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ಆಪರೇಷನ್ನಿನ ಮೇಲೂ ಅಷ್ಟೇ, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದವಳನ್ನು ನೋಡಲು ಬಂದವರೆಲ್ಲ ಮಂಡಿಗೆ ಹಚ್ಚುವ ಎಣ್ಣೆ ತಂದುಕೊಟ್ಟಿರಿ! ಎಂಟು ಸೀಸೆ ಇದೆ ಮನೆಯಲ್ಲಿ. ಬೇಕಾದವರು ವಾಪಸ್ಸು ತೆಗೆದುಕೊಂಡು ಹೋಗಬಹುದು.

ಬೆಳಿಗ್ಗೆಯಿಂದ ನನಗೆ ಒಂದೇ ಯೋಚನೆ. ನಾನು ಅಷ್ಟು ವರ್ಷ ಬೇರೆಯವರ ಮೈಗೆ ಸರಿಯಾಗಿ ಬಟ್ಟೆ ಹೊಲಿದೆ, ಅದೇ ದೊಡ್ಡ ವಿದ್ಯೆ ಎಂದುಕೊಂಡಿದ್ದೆ. ಇವಳು ನನ್ನ ಒಂದು ಕೊರತೆಗೆ ಸರಿಯಾಗಿ ಇಡೀ ಬೀದಿಯನ್ನೇ ಹೊಲಿದಳು. ಬಿಳಿ ಚೀಲದ ಮೇಲೆ ನನ್ನ ಗೆರೆ ಜಾರಿದ್ದನ್ನು ನೋಡಿ ಇವಳು ತಪ್ಪು ಎಂದು ಓದಲಿಲ್ಲ, ಅತ್ತೆಗೆ ಕಾಣುತ್ತಿಲ್ಲ ಎಂದು ಓದಿದಳು. ಓದಿ, ನನ್ನ ಮಾನ ಹೋಗದ ಹಾಗೆ ನನ್ನನ್ನು ಡಾಕ್ಟರ ಕುರ್ಚಿಯಲ್ಲಿ ಕೂರಿಸಿ, ಅದಕ್ಕೆ ತನ್ನ ಕಣ್ಣುರಿ ಎಂದು ಹೆಸರಿಟ್ಟಳು. ಎಲ್ಲಿತ್ತು ಇದಕ್ಕೆಲ್ಲ ಹೊತ್ತು? ಕೆಲಸದ ನಡುವೆ, ಮಗಳ ಪಾಠದ ನಡುವೆ, ಸೀದ ಅನ್ನದ ನಡುವೆ? ಅದೇ ಅವಳ ಹೊಲಿಗೆ, ನನಗೆ ಈಗ ತಿಳಿಯಿತು. ನನಗೆ ಆಶ್ಚರ್ಯವಾಗಿದೆ, ಸಭಿಕರೇ. ಈ ವಯಸ್ಸಿನಲ್ಲಿ, ಒಂದೇ ಮನೆಯಲ್ಲಿದ್ದುಕೊಂಡು, ಒಬ್ಬರನ್ನು ನೋಡಿ ಇಷ್ಟು ಆಶ್ಚರ್ಯವಾಗಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅಗೋ, ಕಾರ್ಯದರ್ಶಿಗಳು ಬಂದರು. ಬನ್ನಿ, ಏದುಸಿರು ಬಿಡಬೇಡಿ, ನೀರು ಕುಡಿಯಿರಿ. ಏನು? ಅಂಗಡಿಯೆಲ್ಲ ಮುಚ್ಚಿದೆಯೇ? ಮುಚ್ಚದೆ ಇನ್ನೇನು, ಅಂಗಡಿಯವರೆಲ್ಲ ಇಲ್ಲೇ ಕುಳಿತಿದ್ದಾರೆ. ಪರವಾಗಿಲ್ಲ, ಕೂತುಕೊಳ್ಳಿ. ಕತ್ತರಿ ಇದೆ. ಬೆಳಿಗ್ಗೆಯಿಂದ ನನ್ನ ಕೈಚೀಲದಲ್ಲೇ ಇದೆ. ಮೊದಲೇ ತೆಗೆದಿದ್ದರೆ, ಪರದೆ ನೋಡಲು ಬಂದವಳಿಗೆ ಕತ್ತರಿ ಯಾಕೆ ಎಂದು ಕೇಳುತ್ತಿದ್ದಿರಿ. ಈಗ ನಿಮಗೆ ಗೊತ್ತಾಯಿತು, ಇನ್ನು ತೆಗೆಯಬಹುದು.

ಮುಖ್ಯ ಅತಿಥಿಗಳು ಕ್ಷಮಿಸಬೇಕು. ರಿಬ್ಬನ್ ಕತ್ತರಿಸಬೇಕಾದವರು ತಾವೇ ಎಂದು ಗೊತ್ತು. ಆದರೆ ಈ ಕತ್ತರಿ ಇನ್ನೊಬ್ಬರ ಕೈಗೆ ಹೋಗಬೇಕು. ತಾವು ಒಪ್ಪಿದಿರಿ, ತಲೆ ಆಡಿಸಿದಿರಿ, ನನ್ನ ಹೊಸ ಕಣ್ಣಿಗೆ ಚೆನ್ನಾಗಿ ಕಂಡಿತು.

ಬಾ ಮಗಳೇ. ಅದನ್ನು ಮುಗಿಸಬೇಡ. ಸೂಜಿ ಅಲ್ಲೇ ಚುಚ್ಚಿಟ್ಟು ಬಾ, ಎಲ್ಲರೂ ಕರೆದಾಗ ಬರುತ್ತೀಯಲ್ಲ, ಹಾಗೆ. ಈ ಸಲ ನಾನು ಕರೆಯುತ್ತಿದ್ದೇನೆ. ತಗೋ, ಹಿಡಿ. ಇದರಿಂದ ನಾನು ಬೆಳಿಗ್ಗೆ ಒಂದು ಹೊಲಿಗೆ ಕತ್ತರಿಸುವುದರಲ್ಲಿದ್ದೆ. ನೀನು ರಿಬ್ಬನ್ನು ಕತ್ತರಿಸು. ನೆಟ್ಟಗೆ ಬರದಿದ್ದರೂ ನಡೆಯುತ್ತದೆ, ಈ ಬೀದಿಯಲ್ಲಿ ಇನ್ನು ಅದಕ್ಕೆ ಯಾರೂ ಏನೂ ಅನ್ನುವ ಹಾಗಿಲ್ಲ.

ಮಕ್ಕಳೇ, ತಳ್ಳಾಟ ನಿಲ್ಲಿಸಿ, ಪರದೆ ಸರಿಯುತ್ತದೆ. ಎರಡು ಮಾತು ಎಂದು ಹೇಳಿ ಇಷ್ಟು ಹೊತ್ತು ಮಾತಾಡಲು ಬಿಟ್ಟದ್ದಕ್ಕೆ ಅಧ್ಯಕ್ಷರಿಗೆ, ಕತ್ತರಿ ಮರೆತದ್ದಕ್ಕೆ ಕಾರ್ಯದರ್ಶಿಗಳಿಗೆ, ಇಷ್ಟು ತಿಂಗಳು ನನ್ನ ಮಂಡಿಯ ಯೋಗಕ್ಷೇಮ ವಿಚಾರಿಸಿದ್ದಕ್ಕೆ ನಿಮ್ಮೆಲ್ಲರಿಗೂ ನಾನು ಋಣಿ. ನಿಮ್ಮೆಲ್ಲರ ಮುಖವೂ ನನಗೆ ಇವತ್ತು ಸ್ಪಷ್ಟವಾಗಿ ಕಾಣುತ್ತಿದೆ. ನಮಸ್ಕಾರ.